ದಡದಲ್ಲಿ ಚಾಪೆಲ್, ದಕ್ಕೆಯಲ್ಲಿ ವಿಕ್ರಮಾದಿತ್ಯ

ದಾವಣಗೆರೆ, ಹರಿಹರದ ಕಡೆಯಿಂದ ಗೋಕರ್ಣ ಮುಗಿಸಿಕೊಂಡು ಕಾರವಾರಕ್ಕೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಟ್ಯಾಗೋರ್ ಕಡಲತೀರದಲ್ಲಿ ಇಳಿಯುತ್ತಾರೆ. ಅಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಐಎನ್‌ಎಸ್ ಚಾಪೆಲ್ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ನೆಲದ ಮೇಲೆ ಕೂರಿಸಿದ್ದಾರೆ. 1976ರಲ್ಲಿ ನೌಕಾಪಡೆಗೆ ಸೇರಿ, 2006ರಿಂದ ವಸ್ತುಸಂಗ್ರಹಾಲಯವಾಗಿರುವ ಈ ದೋಣಿ 40 ಮೀಟರ್ ಉದ್ದವೂ ಇಲ್ಲ, 250 ಟನ್ ತೂಕವೂ ಇಲ್ಲ. ಎಡಕ್ಕೆರಡು ಬಲಕ್ಕೆರಡು ದಪ್ಪ ಕೊಳವೆಗಳಿವೆ; ಒಂದೊಂದರೊಳಗೆ ಒಂದೊಂದು ಹಡಗುನಾಶಕ ಕ್ಷಿಪಣಿ ಇರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಅರಗಾದಲ್ಲಿ ಕದಂಬ ನೌಕಾನೆಲೆ. ಅದು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತವರು ಬಂದರು. 284 ಮೀಟರ್ ಉದ್ದ, 44,500 ಟನ್ ತೂಕ, 1,600ರಷ್ಟು ಜನ. ಇಷ್ಟು ಭಾರಿ ಹಡಗು ಅಷ್ಟು ಸಣ್ಣ ದೋಣಿಯ ಒಂದು ಕ್ಷಿಪಣಿಗೆ ಬಲಿಯಾಗುವುದಾದರೆ, ಸಾವಿರಾರು ಕೋಟಿ ಸುರಿದು ಅದನ್ನು ಸಾಕುವುದೇಕೆ ಎಂಬ ಪ್ರಶ್ನೆ ಜಗತ್ತಿನ ಎಲ್ಲ ನೌಕಾಪಡೆಗಳನ್ನೂ ಕಾಡುತ್ತಿದೆ. ಕಳೆದ ಆರು ದಶಕಗಳ ಇತಿಹಾಸ, ಅದರಲ್ಲೂ ನಮ್ಮದೇ ಹಡಗುಗಳ ಇತಿಹಾಸ ನೋಡಿದರೆ ನನಗೆ ಕಾಣುವುದಿಷ್ಟು: ಕ್ಷಿಪಣಿ ಇದುವರೆಗೆ ಯಾವ ವಿಮಾನವಾಹಕವನ್ನೂ ಮುಳುಗಿಸಿಲ್ಲ, ಆದರೆ ಎಲ್ಲವನ್ನೂ ದೂರಕ್ಕೆ ಅಟ್ಟಿದೆ. ಹಾಗೆ ಅಟ್ಟಿಸಿಕೊಂಡ ಜಾಗದಿಂದ ಹಡಗು ಏನು ಕೆಲಸ ಮಾಡಬಲ್ಲದು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮುಳುಗುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು.

ಕಾರವಾರದ ಕಡಲಿಗೆ ವಿಮಾನವಾಹಕದ ನಂಟು ನೌಕಾನೆಲೆಗಿಂತ ಹಳೆಯದು. ನೆಲೆಯ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ 1505ರಲ್ಲೇ ಪೋರ್ಚುಗೀಸರು ಕೋಟೆ ಕಟ್ಟಲು ಶುರುಮಾಡಿದ್ದರು. 1961ರವರೆಗೂ ಆ ದ್ವೀಪ ಅವರ ಗೋವಾಕ್ಕೆ ಸೇರಿತ್ತು. ಆ ವರ್ಷದ ನವೆಂಬರಿನಲ್ಲಿ ದ್ವೀಪದಿಂದ ಸಾಬರ್ಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮರುವಾರ ಮೀನುಗಾರರ ದೋಣಿಯ ಮೇಲೂ ಹಾರಿ ಒಬ್ಬ ಪ್ರಾಣ ಕಳೆದುಕೊಂಡ. ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆ ಆರಂಭವಾದಾಗ ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಅಂಜದೀವ್‌ಗೆ ನಾವಿಕರನ್ನು ಇಳಿಸಿದವು. ಏಳು ಮಂದಿ ಅಲ್ಲಿ ಮಡಿದರು. ಬ್ರಿಟನ್ನಿನಿಂದ ಕೊಂಡು ತಂದು ಎರಡು ತಿಂಗಳೂ ಆಗಿರದ ವಿಮಾನವಾಹಕ ವಿಕ್ರಾಂತ ಅದೇ ಹೊತ್ತಿನಲ್ಲಿ ಗೋವಾ ತೀರದಿಂದ ಸಾಕಷ್ಟು ಒಳಗೆ, ಆಳ ಕಡಲಿನಲ್ಲಿ ಕಾವಲು ನಿಂತಿತ್ತು. ಅದರ ವಿಮಾನಗಳಿಗೆ ದಾಳಿಯ ಕೆಲಸವೇನೂ ಬೀಳಲಿಲ್ಲ. ಹೊರಗಿನ ಯಾವ ಹಡಗೂ ಒಳಗೆ ಬಾರದಂತೆ ಕಡಲನ್ನು ಕಾದದ್ದೇ ಅದರ ಪಾಲಿನ ಯುದ್ಧ. ಸಪ್ಪೆ ಕೆಲಸ ಎನಿಸಬಹುದು, ಆದರೆ ಮುಂದಿನ ಅರವತ್ತು ವರ್ಷ ಭಾರತದ ವಿಮಾನವಾಹಕಗಳು ಹೆಚ್ಚಾಗಿ ಮಾಡಿದ್ದು ಇದೇ ಕೆಲಸವನ್ನು.

1971ರ ಡಿಸೆಂಬರ್ ಈ ವಾದಕ್ಕೆ ಸಿಗುವ ಅತ್ಯುತ್ತಮ ಪುರಾವೆ. ಒಂದೇ ನೌಕಾಪಡೆ ಒಂದೇ ಯುದ್ಧದಲ್ಲಿ ಪಶ್ಚಿಮದ ಕಡಲಿಗೆ ಕ್ಷಿಪಣಿ ದೋಣಿಯನ್ನೂ ಪೂರ್ವದ ಕಡಲಿಗೆ ವಿಮಾನವಾಹಕವನ್ನೂ ಕಳಿಸಿತು. ಕ್ಷಿಪಣಿ ದೋಣಿಯ ಶಕ್ತಿ ಏನೆಂದು ಜಗತ್ತಿಗೆ ಗೊತ್ತಾಗಿದ್ದು ಅದಕ್ಕೆ ನಾಲ್ಕು ವರ್ಷ ಮೊದಲು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪುಟ್ಟ ದೋಣಿಗಳು ಸೋವಿಯತ್ ನಿರ್ಮಿತ ಸ್ಟಿಕ್ಸ್ ಕ್ಷಿಪಣಿ ಹಾರಿಸಿ ಇಸ್ರೇಲಿನ ಐಲಾತ್ ಎಂಬ ಯುದ್ಧನೌಕೆಯನ್ನು ಮುಳುಗಿಸಿದ್ದವು. ಅದೇ ಕ್ಷಿಪಣಿ ಹೊತ್ತ ಎಂಟು ದೋಣಿಗಳನ್ನು ಭಾರತ ಸೋವಿಯತ್ ಒಕ್ಕೂಟದಿಂದ ತರಿಸಿಕೊಂಡಿತು. ಚಾಪೆಲ್ ಅವುಗಳ ಮುಂದಿನ ತಲೆಮಾರಿನದು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಎದುರು ಹೋಗಿ ಪಿಎನ್‌ಎಸ್ ಖೈಬರ್‌ ಹಡಗನ್ನು ಮುಳುಗಿಸಿದವು. ನಾಲ್ಕು ದಿನದ ಬಳಿಕ ವಿನಾಶ್ ಎಂಬ ದೋಣಿ ಮತ್ತೆ ಹೋಗಿ ಬಂತು. ಇತ್ತ ವಿಕ್ರಾಂತವನ್ನು ಪಶ್ಚಿಮಕ್ಕೆ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟು ವೇಗ ಕುಗ್ಗಿತ್ತು, ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಹೊಸ ಫ್ರೆಂಚ್ ಜಲಾಂತರ್ಗಾಮಿಗಳಿದ್ದವು. ಆ ಭಯ ಸುಳ್ಳಾಗಲಿಲ್ಲ. ಡಿಸೆಂಬರ್ 9ರಂದು ಅಂಥದೇ ಒಂದು ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಹೊಡೆದು 194 ಮಂದಿಯನ್ನು ಬಲಿ ತೆಗೆದುಕೊಂಡಿತು. ಹಾಗಾಗಿ ವಿಕ್ರಾಂತ ಪೂರ್ವಕ್ಕೆ ಹೋಯಿತು, ಅಂಡಮಾನಿನಲ್ಲಿ ಅಡಗಿ ಕೂತಿತು. ಅದನ್ನೇ ಹುಡುಕಿಕೊಂಡು ಬಂದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಬಾಗಿಲಲ್ಲಿ ತಾನೇ ಮುಳುಗಿತು. ಡಿಸೆಂಬರ್ 4ರಿಂದ ವಿಕ್ರಾಂತದ ಸೀಹಾಕ್, ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿ ಪೂರ್ವ ಪಾಕಿಸ್ತಾನದಿಂದ ಕಡಲ ಮೂಲಕ ಯಾರೂ ಹೊರಹೋಗದಂತೆ, ಒಳಬಾರದಂತೆ ಮಾಡಿದವು.

ಇದನ್ನು ವಿಮಾನವಾಹಕದ ವಿಜಯವೆಂದು ನೌಕಾಪಡೆಯ ಅಭಿಮಾನಿಗಳು ಹೇಳುತ್ತಾರೆ. ವಿರೋಧಿಗಳು ನಗುತ್ತಾರೆ: ಕಾದಾಡುವ ವಿಮಾನಗಳೇ ನೆಲ ಹಿಡಿದಿದ್ದ, ಒಂದು ಕ್ಷಿಪಣಿಯೂ ಇರದಿದ್ದ ಕಡಲಿನಲ್ಲಿ ಗೆದ್ದದ್ದು ದೊಡ್ಡ ಮಾತೇ? ವಿರೋಧಿಗಳ ಮಾತಿನಲ್ಲಿ ಹುರುಳಿದೆ. ಆದರೆ ಅವರು ಚರಿತ್ರೆಯ ಇನ್ನರ್ಧವನ್ನು ಬಿಡುತ್ತಾರೆ. ಕರಾಚಿಗೆ ಹೋದ ದೋಣಿಗಳು ಒಂದು ರಾತ್ರಿ ಹೊಡೆದು ಬೆಳಗಾಗುವಷ್ಟರಲ್ಲಿ ಓಡಿಬಂದವು. ಅಷ್ಟು ದೂರದ ಓಡಾಟಕ್ಕೆ ಅವುಗಳ ಎಣ್ಣೆ ಸಾಲದೆ ಬೇರೆ ಹಡಗಿನ ಆಸರೆ ಬೇಕಾಯಿತು, ಹಗಲು ಅಲ್ಲಿ ನಿಂತಿದ್ದರೆ ವಿಮಾನಗಳಿಗೆ ಆಹುತಿಯಾಗುತ್ತಿದ್ದವು. ವಿಕ್ರಾಂತ ಹತ್ತಕ್ಕೂ ಹೆಚ್ಚು ದಿನ ಬಂಗಾಳ ಕೊಲ್ಲಿಯಲ್ಲಿ ತಳವೂರಿ ನಿಂತಿತು. ಹೊಡೆಯಲು ಕ್ಷಿಪಣಿ ಸಾಕು. ಕಡಲನ್ನು ಕೈವಶ ಇಟ್ಟುಕೊಳ್ಳಲು ಅಲ್ಲೇ ನಿಲ್ಲುವ, ಮೇಲಿನಿಂದ ನೋಡುವ, ಕೆಳಗಿನದನ್ನು ತಡೆಯುವ ಹಡಗುಪಡೆ ಬೇಕು.

ಹನ್ನೊಂದು ವರ್ಷದ ಬಳಿಕ ಈ ಪಾಠವನ್ನು ಇನ್ನಷ್ಟು ದುಬಾರಿಯಾಗಿ ಕಲಿತ ಹಡಗೂ ಕೊನೆಗೆ ನಮ್ಮದೇ ಆಯಿತು. 1987ರಿಂದ 2017ರವರೆಗೆ ಐಎನ್‌ಎಸ್ ವಿರಾಟ್ ಎಂದು ನಾವು ಕರೆದದ್ದು ಬ್ರಿಟನ್ನಿನ ಹರ್ಮೀಸ್. 1982ರ ಫಾಕ್‌ಲ್ಯಾಂಡ್ ಯುದ್ಧದ ದಂಡನಾಯಕ ಹಡಗು. ಅರ್ಜೆಂಟೀನಾದ ಬಳಿ ವಿಮಾನದಿಂದ ಹಾರಿಸುವ ಎಕ್ಸೋಸೆಟ್ ಕ್ಷಿಪಣಿಗಳಿದ್ದದ್ದು ಐದೇ ಐದು. ಮೇ 4ರಂದು ಒಂದು ಕ್ಷಿಪಣಿ ಶೆಫೀಲ್ಡ್ ಎಂಬ ಹಡಗಿಗೆ ಬಡಿದು ಇಪ್ಪತ್ತು ಜನ ಸತ್ತರು. ಮೇ 25ರಂದು ವಿಮಾನವಾಹಕಗಳನ್ನು ಅರಸಿ ಬಂದ ಕ್ಷಿಪಣಿ ಮೋಸಹೋಗಿ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗನ್ನು ಸುಟ್ಟಿತು. ಹರ್ಮೀಸಿಗೆ ಗೀರೂ ಬೀಳಲಿಲ್ಲ. ಆದರೆ ಈ ಐದು ಕ್ಷಿಪಣಿಗಳ ಭಯಕ್ಕೆ ಹರ್ಮೀಸ್ ಮತ್ತು ಇನ್‌ವಿನ್ಸಿಬಲ್ ದ್ವೀಪಗಳಿಂದ ಬಹಳ ಪೂರ್ವಕ್ಕೆ ಸರಿದು ನಿಂತವು. ಅಷ್ಟು ದೂರದಿಂದ ಬಂದ ಸೀ ಹ್ಯಾರಿಯರ್ ವಿಮಾನಗಳಿಗೆ ದ್ವೀಪದ ಮೇಲೆ ನಿಲ್ಲಲು ನಿಮಿಷಗಳಷ್ಟೇ ಸಿಗುತ್ತಿದ್ದವು, ಆ ಬಿಡುವಿನಲ್ಲಿ ನುಗ್ಗಿದ ಬಾಂಬರುಗಳಿಗೆ ಇಳಿದಾಣದ ಬಳಿಯಿದ್ದ ಹಡಗುಗಳು ಬಲಿಯಾದವು. ಇಷ್ಟಾದರೂ ಆ ವಿಮಾನಗಳಿಲ್ಲದೆ ಬ್ರಿಟನ್ ಆ ಯುದ್ಧಕ್ಕೆ ಹೊರಡುವಂತೆಯೇ ಇರಲಿಲ್ಲ. ಎದುರಾಳಿಯ ವಿಮಾನವಾಹಕದ ಗತಿ ಇನ್ನೂ ಬೇರೆ: ಬ್ರಿಟಿಷ್ ಜಲಾಂತರ್ಗಾಮಿಯೊಂದು ಮೇ 2ರಂದು ಜನರಲ್ ಬೆಲ್‌ಗ್ರಾನೊವನ್ನು ಮುಳುಗಿಸಿದ ಮೇಲೆ ಅದು ಬಂದರು ಸೇರಿ ಮತ್ತೆ ಹೊರಗೆ ಬರಲಿಲ್ಲ. ಅಟ್ಟುವ ವಿಷಯದಲ್ಲಿ ಕ್ಷಿಪಣಿಗಿಂತ ಜಲಾಂತರ್ಗಾಮಿಯೇ ಜೋರು. ಈ ಚರ್ಚೆಯಲ್ಲಿ ಜನ ಇದನ್ನು ಪದೇ ಪದೇ ಮರೆಯುತ್ತಾರೆ, ಬಹುಶಃ ಕ್ಷಿಪಣಿಯ ಚಿತ್ರ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ.

ಕಾರವಾರ ನೆಲೆಯೂ ಇದೇ ದೂರದ ಲೆಕ್ಕಾಚಾರದ ಕೂಸು. ಮುಂಬಯಿ ಬಂದರು ಇಕ್ಕಟ್ಟಾಗಿತ್ತು, ಪಾಕಿಸ್ತಾನಕ್ಕೆ ಹತ್ತಿರವೂ ಆಗಿತ್ತು. ಸಹ್ಯಾದ್ರಿಯ ಬೆಟ್ಟಗಳು ಕಡಲಿಗೇ ಇಳಿಯುವ, ನೀರು ಆಳವಿರುವ, ದ್ವೀಪಗಳು ಅಡ್ಡ ನಿಂತ ಕಾರವಾರದ ದಕ್ಷಿಣದ ಕೊಲ್ಲಿಗಳು ನೌಕಾಪಡೆಯ ಮುಖ್ಯಸ್ಥರಾಗಿದ್ದ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಅವರ ಕಣ್ಣಿಗೆ ಬಿದ್ದವು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಹಣದ ತಾಪತ್ರಯದಲ್ಲಿ ನೆನೆಗುದಿಗೆ ಬಿದ್ದು, ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆಮಠ ಬಿಟ್ಟು ಎದ್ದವು, ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವು. ವಿಮಾನವಾಹಕದ ಖರ್ಚು ಲೆಕ್ಕ ಹಾಕುವವರು ಹಡಗಿನ ಬೆಲೆಯನ್ನಷ್ಟೇ ಬರೆದು ಈ ಬಾಬತ್ತನ್ನು ಬಿಡುತ್ತಾರೆ. ಹಡಗಿನ ಬೆಲೆಯೇನೂ ಕಡಿಮೆಯಲ್ಲ: 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದ್ದ ಹಳೆಯ ಗೋರ್ಷ್‌ಕೋವ್‌ ಅನ್ನು ಕೊಳ್ಳುವ ಒಪ್ಪಂದ 2004ರಲ್ಲಿ 97 ಕೋಟಿ ಡಾಲರಿಗೆ ಆಗಿ, ಆಮೇಲೆ 230 ಕೋಟಿ ಡಾಲರ್ ದಾಟಿತು. ವಿಕ್ರಮಾದಿತ್ಯ ಎಂಬ ಹೊಸ ಹೆಸರಿನಲ್ಲಿ ಅದು ಕಾರವಾರಕ್ಕೆ ಬಂದದ್ದು 2014ರ ಜನವರಿಯಲ್ಲಿ. ನೆಲೆಯ ಹೆಮ್ಮೆಯಾದ ಹಡಗೆತ್ತುವ ಯಂತ್ರ 10,000 ಟನ್ನಿನವರೆಗಿನ ಹಡಗನ್ನು ಎತ್ತಿ ನೆಲಕ್ಕಿಡಬಲ್ಲದು. ವಿಕ್ರಮಾದಿತ್ಯ ಅದರ ನಾಲ್ಕು ಪಟ್ಟಿಗೂ ಮಿಗಿಲು. ದೊಡ್ಡ ರಿಪೇರಿ ಬಂದರೆ ಕೊಚ್ಚಿಗೇ ಓಡಬೇಕು.

ಇನ್ನು ಇಂದಿನ ಕ್ಷಿಪಣಿಗಳ ಮಾತು. ಚೀನಾ 2015ರ ಪೆರೇಡಿನಲ್ಲಿ ತೋರಿಸಿದ ಡಿಎಫ್-21ಡಿ ಕ್ಷಿಪಣಿಯ ಹೊಡೆತದ ದೂರ 1,500 ಕಿ.ಮೀ.ಗಳಷ್ಟು, ಡಿಎಫ್-26ರದು 4,000 ಕಿ.ಮೀ.ಗಳಷ್ಟು ಎನ್ನುತ್ತಾರೆ. ವಿಕ್ರಮಾದಿತ್ಯದ ಮಿಗ್-29ಕೆ ವಿಮಾನ ಹೋಗಿ ಹೊಡೆದು ಬರಬಲ್ಲ ದೂರ 850 ಕಿ.ಮೀ. ಆಸುಪಾಸು. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವವರಿಗೆ ಒಂದು ಮಾತು: ಚಿತ್ರದುರ್ಗ, ಉಚ್ಚಂಗಿದುರ್ಗದ ಕೋಟೆಗಳು ಇದ್ದಲ್ಲೇ ಇರುತ್ತಿದ್ದವು, ಹಡಗು ಇರುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಹಡಗು ಒಂದು ಗಂಟೆ ಕಣ್ಣು ತಪ್ಪಿಸಿದರೆ ಸುಮಾರು 8,000 ಚದರ ಕಿ.ಮೀ. ಕಡಲಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಅದು ಇಡೀ ದಾವಣಗೆರೆ ಜಿಲ್ಲೆಗಿಂತ ದೊಡ್ಡ ಜಾಗ. ಹಡಗನ್ನು ಮೊದಲು ಕಾಣಬೇಕು, ಇದೇ ಅದು ಎಂದು ಗುರುತಿಸಬೇಕು, ಬಿಡದೆ ಹಿಂಬಾಲಿಸಬೇಕು, ಆ ಸುದ್ದಿ ಕ್ಷಿಪಣಿಯವರಿಗೆ ತಲುಪಬೇಕು, ಹಾರಿದ ಕ್ಷಿಪಣಿಗೆ ಕೊನೆಯ ಗಳಿಗೆಯಲ್ಲಿ ಮತ್ತೆ ಕಣ್ಣಿಗೆ ಬೀಳಬೇಕು. ಈ ಸರಪಣಿಯ ಒಂದು ಕೊಂಡಿ ಕಳಚಿದರೂ 4,000 ಕಿ.ಮೀ. ಎಂಬುದು ಬರೀ ಅಂಕಿ. ಟ್ಯಾಗೋರ್ ತೀರದಲ್ಲಿ ಚಾಪೆಲ್ ಪಕ್ಕಕ್ಕೆ ಈಚೆಗೆ ತಂದಿರಿಸಿದ ಟುಪೊಲೆವ್ ವಿಮಾನ ಇಂಥ ಹುಡುಕಾಟಕ್ಕೆಂದೇ 1988ರಿಂದ 2017ರವರೆಗೆ ನೌಕಾಪಡೆಯಲ್ಲಿ ದುಡಿದದ್ದು. ಕೈಯಷ್ಟೇ ಕಣ್ಣೂ ಮುಖ್ಯ ಎಂದು ಗೊತ್ತಿದ್ದರಿಂದಲೇ ಅದಕ್ಕಾಗಿ ಅಷ್ಟು ಖರ್ಚು ಮಾಡಿದ್ದು.

ಆ ಕಣ್ಣನ್ನು ಹೊಸದಾಗಿ ಕಟ್ಟುವ ಒಂದು ಯತ್ನ ನಮ್ಮ ಬಯಲುಸೀಮೆಯಲ್ಲೇ ನಡೆಯಿತು. ಚಳ್ಳಕೆರೆ ಬಳಿ ಕಾವಲು ಭೂಮಿಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿದೆ. 2023ರ ಜೂನ್ 16ರಂದು ಅಲ್ಲಿಂದ ಎದ್ದ ತಪಸ್ ಎಂಬ ಪೈಲಟ್ ರಹಿತ ವಿಮಾನವನ್ನು, ಕಾರವಾರದಿಂದ 148 ಕಿ.ಮೀ. ಆಚೆ ಕಡಲಿನಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನ ಸಿಬ್ಬಂದಿ ತಮ್ಮ ಹತೋಟಿಗೆ ತೆಗೆದುಕೊಂಡು ನಡೆಸಿದರು. ಚಳ್ಳಕೆರೆಯಿಂದ ಕಾರವಾರಕ್ಕೆ ನಕ್ಷೆಯ ಮೇಲೆ ನೇರ ಗೀಟು ಎಳೆದರೆ ಅದು ದಾವಣಗೆರೆ, ಹರಿಹರದ ಆಸುಪಾಸಿನಲ್ಲೇ ಹಾಯುತ್ತದೆ. ಕಡಲೇ ಕಾಣದ ಸೀಮೆಯ ತಲೆಯ ಮೇಲೆ ಕಡಲಿನ ಯುದ್ಧದ ಅಭ್ಯಾಸ! ಆದರೆ ಎರಡು ತಿಂಗಳಲ್ಲಿ ಇನ್ನೊಂದು ತಪಸ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಬೇಕಾದಷ್ಟು ಎತ್ತರಕ್ಕೇರಿ ಬೇಕಾದಷ್ಟು ಹೊತ್ತು ನಿಲ್ಲಲಾರದೆ ಯೋಜನೆ ಮಂಕಾಯಿತು. ಹಡಗು ಹುಡುಕುವ ಕಣ್ಣು ಸುಲಭಕ್ಕೆ ದಕ್ಕುವುದಲ್ಲ.

ಸುಲಭವಲ್ಲ, ಆದರೆ ದಿನದಿನಕ್ಕೆ ಅಗ್ಗವಾಗುತ್ತಿದೆ. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಉಪಗ್ರಹಗಳ ಸಂಖ್ಯೆ ಏರಿದಷ್ಟೂ ಹಡಗು ಕಣ್ಣು ತಪ್ಪಿಸುವ ಗಂಟೆ ನಿಮಿಷಗಳಿಗೆ ಇಳಿಯುತ್ತದೆ. ಕಣ್ಣಿಲ್ಲದವರು ಎರವಲು ತರಬಹುದು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಕಾಳಗದಲ್ಲಿ ಚೀನಾ ಪಾಕಿಸ್ತಾನಕ್ಕೆ ಆಗಿಂದಾಗಲೇ ಮಾಹಿತಿ ಒದಗಿಸುತ್ತಿತ್ತೆಂದು ನಮ್ಮ ಸೇನೆಯ ಉಪಮುಖ್ಯಸ್ಥರೊಬ್ಬರು ಬಹಿರಂಗವಾಗಿಯೇ ಹೇಳಿದರು. 2022ರ ಏಪ್ರಿಲ್‌ನಲ್ಲಿ ನೌಕಾಪಡೆಯೇ ಇಲ್ಲದಂತಾಗಿದ್ದ ಉಕ್ರೇನ್ ದಡದಿಂದ ಹಾರಿಸಿದ ಕ್ಷಿಪಣಿಗಳಿಗೆ ರಷ್ಯಾದ ಮಾಸ್ಕ್ವಾ ಹಡಗು ಮುಳುಗಿತು. ಅದು ವಿಮಾನವಾಹಕವಲ್ಲ, ಒಂದು ಇಕ್ಕಟ್ಟಿನ ಕಡಲಿನಲ್ಲಿ ಅದೇ ಜಾಡಿನಲ್ಲಿ ಓಡಾಡುತ್ತಿದ್ದ ಹಡಗು ಎಂದು ಸಮಾಧಾನ ಹೇಳಬಹುದು. ಹೌತಿಗಳು 2023ರಿಂದ ಕೆಂಪು ಸಮುದ್ರದಲ್ಲಿ ಹಾರಿಸಿದ ಯಾವ ಕ್ಷಿಪಣಿಯೂ ಅಮೆರಿಕದ ವಿಮಾನವಾಹಕಕ್ಕೆ ತಗಲಲಿಲ್ಲ ಎಂದು ತೋರಿಸಬಹುದು. ಆದರೆ ಮುಳುಗಲೇಬೇಕೆಂದಿಲ್ಲವಲ್ಲ. ಅಮೆರಿಕದವರು 2005ರಲ್ಲಿ ತಮ್ಮದೇ ಹಳೆಯ ವಿಮಾನವಾಹಕವೊಂದನ್ನು ವಾರಗಟ್ಟಲೆ ಸ್ಫೋಟಗಳಿಂದ ಪರೀಕ್ಷಿಸಿ, ಕೊನೆಗೆ ತಾವೇ ಮುಳುಗಿಸಬೇಕಾಯಿತು, ಅಷ್ಟು ಗಟ್ಟಿ. ಅದೇ ದೇಶದ ಫಾರೆಸ್ಟಾಲ್ ಹಡಗಿನ ಮೇಲೆ 1967ರಲ್ಲಿ ತನ್ನದೇ ವಿಮಾನದ ಒಂದು ರಾಕೆಟ್ ಅಚಾನಕ್ಕಾಗಿ ಹಾರಿ, ಎಣ್ಣೆಗೆ ಬೆಂಕಿ ಹತ್ತಿ 134 ಜನ ಸತ್ತರು, ತಿಂಗಳುಗಟ್ಟಲೆ ಹಡಗು ಕೆಲಸಕ್ಕೆ ಬಾರದಾಯಿತು. 2019ರ ಏಪ್ರಿಲ್ 26ರಂದು ಕಾರವಾರ ಬಂದರು ಪ್ರವೇಶಿಸುತ್ತಿದ್ದ ವಿಕ್ರಮಾದಿತ್ಯದ ಎಂಜಿನ್ ವಿಭಾಗದಲ್ಲಿ ಬೆಂಕಿ ಬಿದ್ದು, ಅದನ್ನು ನಂದಿಸಲು ಹೋದ ಅಧಿಕಾರಿಯೊಬ್ಬರು ಜೀವ ತೆತ್ತರು. ಯುದ್ಧವಿಲ್ಲದ ದಿನವೇ ಹೀಗೆ. ಒಂದೇ ಒಂದು ಕ್ಷಿಪಣಿ ಮೇಲ್ಛಾವಣಿಯನ್ನು ಸೀಳಿ ವಿಮಾನ ಏರಿಳಿಯದಂತೆ ಮಾಡಿದರೂ ಆ ಯುದ್ಧದ ಮಟ್ಟಿಗೆ ಹಡಗು ಸತ್ತಂತೆ.

ಇನ್ನೊಂದು ಆಕ್ಷೇಪಣೆ ನಮ್ಮ ದೇಶಕ್ಕೇ ವಿಶೇಷವಾದದ್ದು. ಭಾರತ ಹಿಂದೂ ಮಹಾಸಾಗರದೊಳಕ್ಕೆ ಚಾಚಿಕೊಂಡಿದೆ. ತಂಜಾವೂರಿನಿಂದ ಬ್ರಹ್ಮೋಸ್ ಹೊತ್ತ ಸುಖೋಯ್‌ಗಳು ಹಾರುತ್ತವೆ, ಅಂಡಮಾನಿನಲ್ಲಿ ರನ್‌ವೇಗಳಿವೆ. ನೆಲ ಮುಳುಗುವುದಿಲ್ಲವಲ್ಲ, ತೇಲುವ ರನ್‌ವೇ ಏಕೆ ಎಂಬುದು ವಾಯುಪಡೆಯ ಹಳೆಯ ವಾದ. ನೆಲ ಮುಳುಗುವುದಿಲ್ಲ ನಿಜ, ಆದರೆ ಅದರ ವಿಳಾಸ ಎಲ್ಲರಿಗೂ ಗೊತ್ತು. 2025ರ ಮೇ 10ರಂದು ಭಾರತದ ದಾಳಿಗೆ ಪಾಕಿಸ್ತಾನದ ವಾಯುನೆಲೆಗಳು ಒಂದೇ ಬೆಳಗ್ಗೆ ಸಾಲಾಗಿ ಸಿಕ್ಕಿದವು, ರಹೀಂ ಯಾರ್ ಖಾನ್ ರನ್‌ವೇಯಲ್ಲಿ ಗುಂಡಿ ಬಿತ್ತು. ಅದೇ ದಿನಗಳಲ್ಲಿ, 2022ರಲ್ಲಿ ನೌಕಾಪಡೆ ಸೇರಿದ ಹೊಸ ವಿಕ್ರಾಂತದ ಪಡೆ ಉತ್ತರ ಅರಬ್ಬಿ ಸಮುದ್ರದಲ್ಲಿ ನಿಂತಿತ್ತು, ಪಾಕಿಸ್ತಾನದ ಹಡಗುಗಳು ಹೆಚ್ಚಾಗಿ ಬಂದರು ಬಿಟ್ಟು ಹೊರಬರಲಿಲ್ಲ ಎಂದು ನೌಕಾಪಡೆ ಹೇಳಿತು. ಒಂದು ಗುಂಡೂ ಹಾರಿಸದ ಹಡಗಿನ ಯೋಗ್ಯತೆ ಇದರಿಂದ ಸಾಬೀತಾಯಿತೆಂದು ನಾನು ಹೇಳಲಾರೆ. ಆದರೆ ರನ್‌ವೇಗೆ ಬಿದ್ದ ಗುಂಡಿಯನ್ನು ದಿನದೊಳಗೆ ಮುಚ್ಚಿ ಮತ್ತೆ ಹಾರಬಹುದು, ಹಡಗಿಗೆ ಆ ಅನುಕೂಲವಿಲ್ಲ ಎಂಬುದನ್ನೂ ಸೇರಿಸಿಯೇ ತೂಗಬೇಕು. ಕರಾಚಿಯನ್ನು ಹೊಡೆಯಲು ವಿಮಾನವಾಹಕ ಬೇಡ, ಅದನ್ನು ಕ್ಷಿಪಣಿ ದೋಣಿಗಳು 1971ರಲ್ಲೇ ತೋರಿಸಿದವು. ನಮ್ಮ ದಡದಿಂದ ಸಾವಿರಾರು ಕಿ.ಮೀ. ದೂರದ ಹಡಗು ದಾರಿಗಳ ಮೇಲೆ ವಾರಗಟ್ಟಲೆ ವಿಮಾನದ ನೆರಳು ಇರಬೇಕೆಂದರೆ ತಂಜಾವೂರು ಸಾಲದು. ಈ ಕೆಲಸಕ್ಕೆ, ಈ ಕೆಲಸಕ್ಕಷ್ಟೇ, ವಿಮಾನವಾಹಕ ಇನ್ನೂ ತಕ್ಕದ್ದು.

ಆದರೆ ಅದಕ್ಕೂ ನಮ್ಮ ಹಡಗುಗಳಲ್ಲಿ ಒಂದು ದೊಡ್ಡ ಕೊರತೆಯಿದೆ, ಅದೂ 1982ರಲ್ಲಿ ಹರ್ಮೀಸ್ ಅನುಭವಿಸಿದ್ದೇ. ನೀರಿನ ಮೇಲೆ ಐದು ಮೀಟರ್ ಎತ್ತರದಲ್ಲಿ ತೇಲಿ ಬರುವ ಕ್ಷಿಪಣಿ ಹಡಗಿನ ಕಂಬದ ರೇಡಾರಿಗೆ ಕಾಣುವುದು 30 ಕಿ.ಮೀ. ಹತ್ತಿರ ಬಂದ ಮೇಲೆ. ಭೂಮಿ ದುಂಡಗಿರುವುದೇ ಅದಕ್ಕೆ ಕಾರಣ. ಎಕ್ಸೋಸೆಟ್ ಆದರೆ ಒಂದೂವರೆ ನಿಮಿಷ ಸಿಗುತ್ತದೆ, ಬ್ರಹ್ಮೋಸ್ ವೇಗದ್ದಾದರೆ ಅರ್ಧ ನಿಮಿಷ. ಅದೇ ರೇಡಾರನ್ನು 3,000 ಮೀಟರ್ ಮೇಲಕ್ಕೆ ಹೊತ್ತೊಯ್ದರೆ 200 ಕಿ.ಮೀ. ಆಚೆಯೇ ಕಾಣುತ್ತದೆ. ಅಮೆರಿಕ, ಫ್ರಾನ್ಸ್ ಇದಕ್ಕಾಗಿ ಹಾಕ್‌ಐ ವಿಮಾನಗಳನ್ನು ಯಂತ್ರದಿಂದ ಎಸೆದು ಹಾರಿಸುತ್ತವೆ. ವಿಕ್ರಮಾದಿತ್ಯ, ವಿಕ್ರಾಂತ ಎರಡರ ಮೂತಿಯೂ ಮೇಲಕ್ಕೆ ಬಾಗಿದ ಇಳಿಜಾರು. ಅಂಥ ಭಾರದ ವಿಮಾನ ಅಲ್ಲಿಂದ ಏಳದು. ಆ ಕೆಲಸ ಕಮೊವ್-31 ಹೆಲಿಕಾಪ್ಟರಿನ ಪಾಲಿಗೆ ಬಂದಿದೆ, ಅದು ಎರಡೂವರೆ ತಾಸಿನಷ್ಟೇ ಮೇಲಿರಬಲ್ಲದು. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ 26 ರಫೇಲ್-ಎಂ ಕೊಳ್ಳಲು ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅವು ಹೊಡೆಯುವ ಕೈ. ಕಣ್ಣಿನ ಕೊರತೆ ಹಾಗೇ ಇದೆ.

ಮೂರನೆಯ ವಿಮಾನವಾಹಕಕ್ಕಿಂತ ಜಲಾಂತರ್ಗಾಮಿಗಳಿಗೆ ಆದ್ಯತೆ ಕೊಡಬೇಕೆಂದು 2020ರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಬಿಪಿನ್ ರಾವತ್ ಹೇಳಿದಾಗ ನೌಕಾಪಡೆಯ ನಿವೃತ್ತರು ಸಿಟ್ಟಾದರು. 1971ರಲ್ಲಿ ವಿಕ್ರಾಂತವನ್ನು ಪೂರ್ವಕ್ಕೆ ಅಟ್ಟಿದ್ದೂ, 1982ರಲ್ಲಿ ಅರ್ಜೆಂಟೀನಾದ ಹಡಗನ್ನು ಬಂದರಿಗೆ ಕಟ್ಟಿದ್ದೂ ಜಲಾಂತರ್ಗಾಮಿಯೇ ಎಂಬುದನ್ನು ನೋಡಿದರೆ ರಾವತ್ ಮಾತು ಸರಿಯೆಂದೇ ನನಗನಿಸುತ್ತದೆ. ಆದರೆ ಈಗಿರುವ ಎರಡು ವಿಮಾನವಾಹಕಗಳನ್ನು ಉಳಿಸಿಕೊಳ್ಳುವುದು ಬೇರೆ ಪ್ರಶ್ನೆ, ಅದಕ್ಕೆ ಕಾಲಮಿತಿಯಿದೆ. ವಿಕ್ರಮಾದಿತ್ಯದ ಒಡಲು ಸೇವೆಗೆ ಇಳಿದು 2037ಕ್ಕೆ ಐವತ್ತು ವರ್ಷ ತುಂಬುತ್ತದೆ. ಕೊಚ್ಚಿಯಲ್ಲಿ ಹೊಸ ವಿಕ್ರಾಂತದ ಬುಡ ಇಟ್ಟದ್ದು 2009ರ ಫೆಬ್ರುವರಿಯಲ್ಲಿ, ಅದು ಪಡೆ ಸೇರಿದ್ದು 2022ರ ಸೆಪ್ಟೆಂಬರಿನಲ್ಲಿ: ಹದಿಮೂರೂವರೆ ವರ್ಷ. ವಿಕ್ರಮಾದಿತ್ಯದ ಜಾಗಕ್ಕೆ ಬರುವ ಹಡಗನ್ನು ಈಗಲೇ ಶುರುಮಾಡಿದರೂ ಲೆಕ್ಕ ತಪ್ಪುತ್ತದೆ. ಅವಸರಕ್ಕೆ ವಿಕ್ರಾಂತದ ನಕ್ಷೆಯನ್ನೇ ಮತ್ತೆ ಎತ್ತಿಕೊಂಡರೆ ಕೆಲವು ವರ್ಷ ಉಳಿಯುತ್ತವೆ, ಆದರೆ ಆ ಬಾಗಿದ ಮೂತಿಯೊಂದಿಗೆ ಕಮೊವ್‌ನ ಎರಡೂವರೆ ತಾಸನ್ನೂ ಇನ್ನು ನಲವತ್ತು ವರ್ಷಕ್ಕೆ ಕಟ್ಟಿಕೊಂಡಂತೆ. ಭಾರದ ವಿಮಾನ ಎಸೆಯುವ ಯಂತ್ರವಿರುವ ಹಡಗು ತಡವಾಗಿ ಬಂದು, ನಡುವೆ ಕೆಲವು ವರ್ಷ ಅರಗಾದ ದಕ್ಕೆ ಖಾಲಿ ಬಿದ್ದರೂ, ನಾನು ಆಯ್ದುಕೊಳ್ಳುವುದು ಅದನ್ನೇ.